ಜೀಪಿನ ಗೇರ್ ಎಣ್ಣೆ: ಮೊದಲು ಯಾವ ಬೂಚು ಬಿಚ್ಚಬೇಕು?

ಮಕ್ಕಳೇ, ನಾಲ್ಕು ಗಾಲಿ ಇರುವ ಗಾಡಿಗಳನ್ನು ನೀವು ದಿನಾ ನೋಡುತ್ತೀರಿ. ಅದರಾಗ ನಾಲ್ಕೂ ಗಾಲಿ ಎಳೆಯುವ ಗಾಡಿ ಎಷ್ಟು? ಎಣಿಸಿ ನೋಡ್ರಿ, ಬಹಳ ಕಡಿಮೆ ಸಿಗುತ್ತವೆ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ನಿನ ಶಕ್ತಿ ಎರಡೇ ಗಾಲಿಗೆ ಹೋಗುತ್ತದೆ. ಉಳಿದ ಎರಡು ಸುಮ್ಮನೆ ಸಂಗಡ ಉರುಳುತ್ತವೆ.

ವಲಾಂಡಿ, ದೇವಣಿ, ನಿಲಂಗಾ, ಉದಗೀರ ಕಡೆಯ ನೆಲ ನಿಮಗೆ ಗೊತ್ತೇ ಇದೆ. ಎರೆ ಮಣ್ಣು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಅಂಥ ಕೆಸರಿನಲ್ಲಿ ದೇವಣಿ ಎತ್ತಿನ ಜೋಡಿ ಹೋಗುತ್ತದೆ, ನಾಲ್ಕೂ ಗಾಲಿ ಎಳೆಯುವ ಜೀಪು ಹೋಗುತ್ತದೆ. ಉಳಿದವು ನಿಲ್ಲುತ್ತವೆ. ಈಗ ನಾಲ್ಕು ಗಾಲಿ ಎಳೆಯುವ ಟ್ರ್ಯಾಕ್ಟರುಗಳೂ ಹೊಲಕ್ಕೆ ಬಂದಿವೆ.

ಎತ್ತಿಗೆ ಮೇವು ನೀರು ಹಾಕುವುದನ್ನು ಯಾರೂ ಮರೆಯುವುದಿಲ್ಲ. ಬಂಡಿಯ ಗಾಲಿಗೆ ಕೀಲೆಣ್ಣೆ ಹಾಕುವುದನ್ನೂ ಹಿಂದಿನವರು ಮರೆಯುತ್ತಿರಲಿಲ್ಲ, ಯಾಕಂದ್ರೆ ಮರೆತರೆ ಗಾಲಿಯೇ ಕಿರುಚಿ ಹೇಳುತ್ತಿತ್ತು. ಜೀಪಿನ ಹೊಟ್ಟೆಯೊಳಗಿನ ಗೇರ್ ಎಣ್ಣೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಜಿನ್ ಎಣ್ಣೆ ಬದಲಿಸುವವರೂ ಇದನ್ನು ಮರೆಯುತ್ತಾರೆ. ಈ ಸಲ ಅದರ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ಎರಡು ತಪ್ಪುಗಳೂ ಇವೆ.

ಚಹಾದ ಬಣ್ಣದ ಎಣ್ಣೆ

ನಾನು ಆಗಷ್ಟೇ ವಿಜ್ಞಾನ ಮಾಸ್ತರ ಆಗಿದ್ದೆ. ನಮ್ಮ ಕಾಕಾ ಹತ್ತಿರ ನಾಲ್ಕೂ ಗಾಲಿ ಎಳೆಯುವ ಒಂದು ಹಳೆ ಜೀಪಿತ್ತು. ಸಂತೆಗೆ, ದವಾಖಾನಿಗೆ, ಲಗ್ನಕ್ಕೆ ಊರ ಮಂದಿಗೆಲ್ಲ ಅದೇ ಆಸರೆ. ಒಂದು ಮಳೆಗಾಲ ಅದು ದಿನಾ ಹಳ್ಳ ದಾಟಿತು. ಮಳೆ ನಿಂತ ಮೇಲೆ ಹಿಂದಿನ ಆಕ್ಸಲ್ಲಿನಿಂದ ಗೊಂಯ್ ಅಂತ ಸಪ್ಪಳ ಶುರುವಾಯಿತು.

“ಗೇರ್ ಎಣ್ಣಿ ಬದಲಿ ಮಾಡಬೇಕು ತಮ್ಮಾ, ಉದಗೀರಕ್ಕ ಒಯ್ಯಬೇಕು” ಅಂದರು ಕಾಕಾ.

“ಅದಕ್ಕೇನು ಉದಗೀರ ಕಾಕಾ, ಎರಡು ಬೂಚು ಬಿಚ್ಚೋದು, ಹಾಕೋದು. ಮನ್ಯಾಗೇ ಮಾಡ್ತೀನಿ” ಅಂದೆ ನಾನು.

ಜೀಪಿನ ಕೆಳಗೆ ಹೋಗಿ ಆಕ್ಸಲ್ಲಿನ ಗುಂಡು ಭಾಗದ ತಳದ ಬೂಚು ಬಿಚ್ಚಿದೆ. ಎಣ್ಣೆ ಬುಟ್ಟಿಗೆ ಇಳಿಯಿತು. ಅದು ಎಣ್ಣೆಯ ಹಾಗೆ ಕಾಣಲಿಲ್ಲ. ಹಾಲು ಹಾಕಿದ ಚಹಾದ ಹಾಗಿತ್ತು. ಪೂರ್ತಿ ಇಳಿದ ಮೇಲೆ ತಳದ ಬೂಚು ಬಿಗಿದು, ಹೊಸ ಎಣ್ಣೆ ಹಾಕಲು ಮಗ್ಗುಲಿನ ಮೇಲಿನ ಬೂಚಿಗೆ ಪಾನಾ ಹಚ್ಚಿದೆ. ಅದು ಅಲುಗಲಿಲ್ಲ. ಜೋರು ಮಾಡಿದೆ. ಬೂಚಿನ ಮೂಲೆಗಳು ಸವೆದು ಗುಂಡಗಾದವು. ಇನ್ನು ಯಾವ ಪಾನಾಕ್ಕೂ ಅದು ಸಿಗುವುದಿಲ್ಲ.

ಈಗ ನೋಡ್ರಿ ನನ್ನ ಸ್ಥಿತಿ. ಹಳೆ ಎಣ್ಣೆ ಹೊರಗೆ ಬಂದಿದೆ, ಹೊಸದು ಒಳಗೆ ಹೋಗುವುದಿಲ್ಲ. ಎಣ್ಣೆ ಇಲ್ಲದ ಆಕ್ಸಲ್ಲಿನ ಮೇಲೆ ಜೀಪು ಓಡಿಸುವ ಹಾಗಿಲ್ಲ. ಮರುದಿನ ಮುಂಜಾನೆ ಐದು ಮಂದಿ ಹುಡುಗರನ್ನು ಪರೀಕ್ಷೆಗೆ ಅದೇ ಜೀಪಿನಲ್ಲಿ ಒಯ್ಯಬೇಕಿತ್ತು. ಕಡೆಗೆ ಅವರು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ನಿಂತು, ಕೆಸರು ಸಿಡಿಸಿಕೊಂಡು, ಘಂಟೆ ಹೊಡೆಯುವ ಹೊತ್ತಿಗೆ ಮುಟ್ಟಿದರು. ನನಗೆ ಬಹಳ ನಾಚಿಕೆಯಾಯಿತು.

ಎರಡು ದಿನದ ಮೇಲೆ ಬಂದ ಮಿಸ್ತ್ರಿ ಬೂಚಿನ ಸುತ್ತ ಬಿಸಿ ಮಾಡಿ, ಛಾಣದಿಂದ ಬಡಿದು ಬಡಿದು ಬಿಚ್ಚಿದ. ಆಮೇಲೆ ನಗುತ್ತ ಹೇಳಿದ: “ಸರ್, ಹಾಕೋ ಬೂಚು ಮೊದಲು ಬಿಚ್ಚಬೇಕು. ಅದು ಬಿಚ್ಚಿದ್ರಷ್ಟೇ ತಳದ್ದು ಮುಟ್ಟಬೇಕು.”

ಯಾವ ಪಾಠದಲ್ಲೂ ಬರೆಯದ ಈ ಮಾತು ಇಡೀ ಕೆಲಸದ ಮೊದಲ ನಿಯಮ. ಜೀಪು, ಕಾರು, ಟ್ರ್ಯಾಕ್ಟರ್ ಯಾವುದೇ ಇರಲಿ, ತುಂಬುವ ದಾರಿ ತೆರೆದಿದೆ ಎಂದು ಖಾತ್ರಿಯಾಗದೆ ಖಾಲಿ ಮಾಡಬಾರದು.

ಶಕ್ತಿ ಹೋಗುವ ದಾರಿ

ಎಣ್ಣೆ ಎಲ್ಲೆಲ್ಲಿದೆ ಎಂದು ತಿಳಿಯಬೇಕಾದರೆ ಶಕ್ತಿ ಹೋಗುವ ದಾರಿ ತಿಳಿಯಬೇಕು. ಎಂಜಿನ್ನಿನಿಂದ ಶಕ್ತಿ ಗೇರ್ ಬಾಕ್ಸಿಗೆ ಬರುತ್ತದೆ. ಸಾದಾ ಗಾಡಿಯಲ್ಲಿ ಅಲ್ಲಿಂದ ನೇರವಾಗಿ ಒಂದು ಆಕ್ಸಲ್ಲಿಗೆ ಹೋಗುತ್ತದೆ. ನಾಲ್ಕೂ ಗಾಲಿ ಎಳೆಯುವ ಜೀಪಿನಲ್ಲಿ ನಡುವೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದರ ಹೆಸರು ಟ್ರಾನ್ಸ್‌ಫರ್ ಕೇಸ್. ಅದು ಶಕ್ತಿಯನ್ನು ಎರಡು ಪಾಲು ಮಾಡಿ, ಒಂದನ್ನು ಮುಂದಿನ ಆಕ್ಸಲ್ಲಿಗೆ, ಒಂದನ್ನು ಹಿಂದಿನ ಆಕ್ಸಲ್ಲಿಗೆ ಉದ್ದನೆಯ ಶಾಫ್ಟುಗಳ ಮೂಲಕ ಕಳಿಸುತ್ತದೆ. ಪ್ರತಿ ಆಕ್ಸಲ್ಲಿನ ನಡುವೆ ಕುಂಬಳಕಾಯಿ ಹಾಗೆ ಉಬ್ಬಿದ ಭಾಗ ಇದೆಯಲ್ಲ, ಅದರೊಳಗೆ ಡಿಫರೆನ್ಶಿಯಲ್ ಇದೆ.

ಲೆಕ್ಕ ಹಾಕ್ರಿ: ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಶಿಯಲ್, ಹಿಂದಿನ ಡಿಫರೆನ್ಶಿಯಲ್. ಒಟ್ಟು ನಾಲ್ಕು ಕಡೆ ಎಣ್ಣೆ. ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಇಳಿಸುವ ಬೂಚು ಬೇರೆ, ತುಂಬುವ ಬೂಚು ಬೇರೆ. ಹಿಂದಿನದನ್ನು ಬದಲಿಸಿ ಮುಂದಿನದನ್ನು ಮರೆಯುವುದು ಬಹಳ ಮಂದಿ ಮಾಡುವ ತಪ್ಪು.

ಡಿಫರೆನ್ಶಿಯಲ್ ಯಾಕೆ ಬೇಕು? ಉತ್ತರ ನಿಮ್ಮ ಶಾಲೆಯ ಮೈದಾನದಲ್ಲೇ ಇದೆ. ಇಬ್ಬರು ಗೆಳೆಯರು 1.4 ಮೀಟರ್ ಉದ್ದದ ಕೋಲಿನ ಎರಡು ತುದಿ ಹಿಡಿದು, ಕೋಲು ಯಾವಾಗಲೂ ವೃತ್ತದ ನಡುವಿಗೆ ನೇರ ಇರುವಂತೆ ಗುಂಡಗೆ ಒಂದು ಸುತ್ತು ನಡೆಯಿರಿ. ಒಳಗಿನವನ ವೃತ್ತದ ತ್ರಿಜ್ಯ r ಆದರೆ ಹೊರಗಿನವನದು r + 1.4. ಒಳಗಿನವನು ನಡೆಯುವ ದೂರ 2πr, ಹೊರಗಿನವನದು 2π(r + 1.4). ವ್ಯತ್ಯಾಸ 2π × 1.4, ಅಂದರೆ ಸುಮಾರು 8.8 ಮೀಟರ್. ತಮಾಷೆ ಏನಂದ್ರೆ, ವೃತ್ತ ಸಣ್ಣದಿರಲಿ ದೊಡ್ಡದಿರಲಿ ಈ ವ್ಯತ್ಯಾಸ ಅಷ್ಟೇ. r ಲೆಕ್ಕದಿಂದ ಹಾರಿಹೋಗುತ್ತದೆ!

ಕೋಲಿನ ಜಾಗದಲ್ಲಿ ಆಕ್ಸಲ್ ಇದೆ ಎಂದುಕೊಳ್ಳಿ. ಎರಡೂ ಗಾಲಿಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ತಿರುವಿನಲ್ಲಿ ಒಂದು ಗಾಲಿ ನೆಲಕ್ಕೆ ಉಜ್ಜಿಕೊಂಡು ಹೋಗಲೇಬೇಕು. ಡಿಫರೆನ್ಶಿಯಲ್ ಎರಡಕ್ಕೂ ಬೇರೆ ಬೇರೆ ವೇಗ ಕೊಡುತ್ತದೆ. ಫ್ರಾನ್ಸಿನ ಪೆಕ್ಯೂರ್ ಎಂಬಾತ 1827ರಲ್ಲಿ ಉಗಿಗಾಡಿಗಾಗಿ ಇದಕ್ಕೆ ಪೇಟೆಂಟ್ ಪಡೆದ.

ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನವಕ್ಕಿಂತ ದೊಡ್ಡ ವೃತ್ತ ಬರೆಯುತ್ತವೆ. ಹಳೆ ಜೀಪುಗಳಲ್ಲಿ ಮುಂದು ಹಿಂದಿನ ನಡುವೆ ಡಿಫರೆನ್ಶಿಯಲ್ ಇರುವುದಿಲ್ಲ. ಆದ್ದರಿಂದ ಒಣ ಡಾಂಬರು ರಸ್ತೆಯ ಮೇಲೆ ನಾಲ್ಕು ಗಾಲಿ ಗೇರ್ ಹಾಕಿ ತಿರುಗಿಸಿದರೆ ಹಲ್ಲುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಕೆಸರಿನಲ್ಲಿ ಗಾಲಿ ಸ್ವಲ್ಪ ಜಾರಿ ಒತ್ತಡ ಕಳೆದುಕೊಳ್ಳುತ್ತದೆ. “ಡಾಂಬರಿಗೆ ಬಂದ ಕೂಡಲೆ ಲಿವರ್ ತೆಗೀಬೇಕು” ಎಂದು ಕಾಕಾ ಹೇಳುತ್ತಿದ್ದುದು ಇದಕ್ಕೇ. ಯಾವಾಗಲೂ ನಾಲ್ಕೂ ಗಾಲಿ ಎಳೆಯುವ ಕಾರುಗಳಲ್ಲಿ ನಡುವೆಯೂ ಒಂದು ಡಿಫರೆನ್ಶಿಯಲ್ ಅಥವಾ ಕ್ಲಚ್ ತಟ್ಟೆಗಳ ಜೋಡಣೆ ಇರುತ್ತದೆ. ಆ ತಟ್ಟೆಗಳಿಗೆ ಬೇಕಾದ ಎಣ್ಣೆಯೇ ಬೇರೆ.

ಎಣ್ಣೆ ಹೊರುವ ಭಾರ

ಎಣ್ಣೆ ಜಾರುವಂತೆ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಭಾರವನ್ನೂ ಹೊರುತ್ತದೆ ಎಂದು ಗೊತ್ತಾದದ್ದು 1883ರ ಸುಮಾರಿಗೆ. ಬ್ರಿಟನ್ನಿನ ಬೋಷಾಂಪ್ ಟವರ್ ಎಂಬ ಎಂಜಿನಿಯರ್ ತಿರುಗುವ ಆಕ್ಸಲ್ಲಿನ ಬೇರಿಂಗು ಪರೀಕ್ಷಿಸುತ್ತಿದ್ದ. ಎಣ್ಣೆ ಹಾಕಲು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದ. ಆಕ್ಸಲ್ ತಿರುಗಿದಾಗ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲಕ್ಕೆ ಬಂತು. ಬೆಂಡಿನ ಬೂಚು ಹಾಕಿದ, ಹೊರಗೆ ತಳ್ಳಿತು. ಕಟ್ಟಿಗೆಯ ಬೂಚು ಬಡಿದ, ಅದನ್ನೂ ತಳ್ಳಿತು. ಒತ್ತಡಮಾಪಕ ಹಚ್ಚಿ ನೋಡಿದರೆ ಬೇರಿಂಗಿನ ಮೇಲಿದ್ದ ಸರಾಸರಿ ಒತ್ತಡದ ಎರಡು ಪಟ್ಟಿಗೂ ಹೆಚ್ಚು! ಕಾಗದಕ್ಕಿಂತ ತೆಳುವಾದ ಎಣ್ಣೆಯ ಪದರವೇ ಆಕ್ಸಲ್ಲಿನ ಭಾರವನ್ನು ಎತ್ತಿ ಹಿಡಿದಿತ್ತು. ಕಬ್ಬಿಣ ಕಬ್ಬಿಣವನ್ನು ಮುಟ್ಟಿಯೇ ಇರಲಿಲ್ಲ. ಇದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬರೆದ.

ಡಿಫರೆನ್ಶಿಯಲ್ಲಿನ ಹಲ್ಲುಗಳ ನಡುವೆ ಈ ಪದರಕ್ಕೆ ಇನ್ನೂ ಕಷ್ಟ. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜತೆಗೆ ಉಜ್ಜುತ್ತವೆ. ಪದರ ಅಲ್ಲಲ್ಲಿ ಹರಿಯುತ್ತದೆ. ಅದಕ್ಕೇ ಗೇರ್ ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಹಲ್ಲು ಹಲ್ಲಿಗೆ ಮುಟ್ಟಿ ಬಿಸಿಯಾದ ಜಾಗದಲ್ಲಿ ಇವು ಕಬ್ಬಿಣದ ಜತೆ ವರ್ತಿಸಿ ತೆಳು ಹೊದಿಕೆ ಕಟ್ಟುತ್ತವೆ. ಆ ಹೊದಿಕೆ ಸವೆಯುತ್ತದೆ, ಹಲ್ಲು ಉಳಿಯುತ್ತದೆ. ಗೇರ್ ಎಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ಕೆಟ್ಟ ವಾಸನೆ ಈ ಗಂಧಕದ್ದೇ.

ಇಂಥ ಎಣ್ಣೆಯ ಡಬ್ಬಿಯ ಮೇಲೆ ಎರಡು ಗುರುತು ಓದಬೇಕು.

ಒಂದು, ದಪ್ಪದ ಗುರುತು: 90 ಅಥವಾ 80ಡಬ್ಲ್ಯೂ-90. ಡಬ್ಲ್ಯೂ ಅಂದರೆ ಚಳಿಗಾಲ, ಇಂಗ್ಲಿಷಿನ ‘ವಿಂಟರ್’. 90 ಎಂದ ಕೂಡಲೇ ಇದು 40 ನಂಬರಿನ ಎಂಜಿನ್ ಎಣ್ಣೆಗಿಂತ ಎರಡು ಪಟ್ಟು ದಪ್ಪ ಎಂದುಕೊಳ್ಳಬೇಡಿ. ಎಂಜಿನ್ ಎಣ್ಣೆಯ ಅಳತೆಪಟ್ಟಿ ಬೇರೆ, ಗೇರ್ ಎಣ್ಣೆಯದು ಬೇರೆ. ಬಿಸಿಯಾದಾಗ ಎರಡರ ಸ್ನಿಗ್ಧತೆ ಹೆಚ್ಚು ಕಡಿಮೆ ಸಮೀಪವೇ.

ಎರಡು, ಗುಣದ ಗುರುತು: ಜಿಎಲ್-4 ಅಥವಾ ಜಿಎಲ್-5. ಜಿಎಲ್-5ರಲ್ಲಿ ಗಂಧಕ-ರಂಜಕದ ಸಂಯುಕ್ತಗಳು ಹೆಚ್ಚು. ಉಜ್ಜುವ ಹಲ್ಲುಗಳ ಡಿಫರೆನ್ಶಿಯಲ್ಲಿಗೆ ಸಾಮಾನ್ಯವಾಗಿ ಅದೇ ಬೇಕು. ಆದರೆ ಅನೇಕ ಗೇರ್ ಬಾಕ್ಸುಗಳೊಳಗೆ ಹಿತ್ತಾಳೆಯ ಉಂಗುರಗಳಿವೆ. ಕೆಲವು ಜಿಎಲ್-5 ಎಣ್ಣೆಗಳು ಹಿತ್ತಾಳೆಯನ್ನು ತಿನ್ನಬಹುದು. ಅಂಥ ಕಡೆ ಜಿಎಲ್-4 ಹೇಳಿರುತ್ತಾರೆ. ‘ಹೆಚ್ಚಿನ ನಂಬರು, ಹೆಚ್ಚು ಒಳ್ಳೆಯದು’ ಎಂಬುದು ಇಲ್ಲಿ ನಡೆಯುವುದಿಲ್ಲ. ಟ್ರ್ಯಾಕ್ಟರಿನಲ್ಲಂತೂ ಅನೇಕ ಸಲ ಒಂದೇ ಎಣ್ಣೆ ಗೇರು, ಹೈಡ್ರಾಲಿಕ್, ಬ್ರೇಕು ಎಲ್ಲಕ್ಕೂ ಕೆಲಸ ಮಾಡುತ್ತದೆ. ಅದಕ್ಕೆ ಜೀಪಿನ ಎಣ್ಣೆ ಸುರಿದರೆ ಕೆಟ್ಟುಹೋಗುತ್ತದೆ. ಗಾಡಿಯ ಜತೆ ಬಂದ ಪುಸ್ತಕ ಏನು ಹೇಳುತ್ತದೋ ಅದೇ ಕಡೆಯ ಮಾತು. ಮನೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಓದಲು ತೊಡಕಾದರೆ ಆ ಪುಟ ಹುಡುಕಿ ಓದಿ ಹೇಳುವ ಕೆಲಸ ನಿಮ್ಮದು.

ಹಳ್ಳದ ನೀರು ಒಳಗೆ ಹೇಗೆ ಹೋಯಿತು?

ಕಾಕಾನ ಜೀಪಿನ ಎಣ್ಣೆ ಚಹಾದ ಹಾಗೆ ಯಾಕಾಗಿತ್ತು? ನೀರು ಬೆರೆತಿತ್ತು. ಎಣ್ಣೆಯಲ್ಲಿ ನೀರಿನ ಸಣ್ಣ ಹನಿಗಳು ಹರಡಿದಾಗ ಅದು ಬೆಳ್ಳಗೆ ಕಾಣುತ್ತದೆ. ಹಾಲು ಬೆಳ್ಳಗಿರುವುದೂ ಇದೇ ಕಾರಣಕ್ಕೆ, ಅಲ್ಲಿ ನೀರಿನಲ್ಲಿ ಕೊಬ್ಬಿನ ಹನಿಗಳಿವೆ ಅಷ್ಟೇ.

ಎಲ್ಲ ಬೂಚು ಬಿಗಿಯಾಗಿದ್ದರೂ ನೀರು ಹೋದದ್ದು ಹೇಗೆ? ಒಂಬತ್ತು, ಹತ್ತನೇ ತರಗತಿಯವರು ಈ ಲೆಕ್ಕ ಮಾಡಿ. ಓಡಿ ಓಡಿ ಆಕ್ಸಲ್ಲಿನೊಳಗಿನ ಗಾಳಿ 70 ಡಿಗ್ರಿ ಸೆಲ್ಸಿಯಸ್ ಆಗಿದೆ ಎನ್ನಿ. ಜೀಪು ಹಳ್ಳಕ್ಕೆ ಇಳಿದು ಗಾಳಿ 25 ಡಿಗ್ರಿಗೆ ತಣಿಯಿತು. ಕೆಲ್ವಿನ್ನಿನಲ್ಲಿ 343ರಿಂದ 298. ಒಳಗಿನ ಗಾಳಿಗೆ ಹೊರಗಿನ ಸಂಪರ್ಕ ಇಲ್ಲದಿದ್ದರೆ ಒತ್ತಡ 298/343 ಪಾಲಿಗೆ, ಅಂದರೆ ಸುಮಾರು 0.87 ಪಾಲಿಗೆ ಇಳಿಯುತ್ತದೆ. ನೂರಕ್ಕೆ 13ರಷ್ಟು ಕಡಿಮೆ. ಇದು 1.3 ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಅಷ್ಟು ಎಳೆತಕ್ಕೆ ಸವೆದ ರಬ್ಬರ್ ಸೀಲಿನ ಅಂಚಿನಿಂದ ನೀರು ಒಳಗೆ ನುಗ್ಗುತ್ತದೆ.

ಹೀಗಾಗಬಾರದೆಂದೇ ಆಕ್ಸಲ್ಲಿನ ಮೇಲೆ ‘ಬ್ರೀದರ್’ ಎಂಬ ಸಣ್ಣ ಉಸಿರುಗೊಳವೆ ಇದೆ. ಅದು ನೀರಿನ ಮೇಲಿದ್ದು, ತೆರೆದಿದ್ದರೆ ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತದೆ. ಕಾಕಾನ ಜೀಪಿನಲ್ಲಿ ಅದರ ಬಾಯಿಗೆ ಎರೆ ಮಣ್ಣು ಒಣಗಿ ಕೂತಿತ್ತು. ಒಂದು ಚಿಟಿಕೆ ಮಣ್ಣು, ಅಷ್ಟೇ. ಹಳ್ಳ ದಾಟುವ ಗಾಡಿ ನಿಮ್ಮ ಮನೆಯಲ್ಲಿದ್ದರೆ ಬ್ರೀದರ್ ಎಲ್ಲಿದೆ ಎಂದು ಕೇಳಿ ನೋಡಿ. ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಕೆಲಸದ ಕ್ರಮ

ಇದು ದೊಡ್ಡವರ ಕೆಲಸ. ನೀವು ಗಾಡಿಯ ಕೆಳಗೆ ಹೋಗಬಾರದು. ಪಕ್ಕದಲ್ಲಿ ನಿಂತು ನೋಡಿ, ಪಾನಾ ಕೊಡಿ, ಅಳತೆ ಬರೆಯಿರಿ, ತಪ್ಪಿದರೆ ನೆನಪು ಮಾಡಿ.

1. ಗಾಡಿ ಸಮನೆಲದ ಮೇಲೆ ನಿಲ್ಲಲಿ. ಇಳಿಜಾರಿದ್ದರೆ ಎಣ್ಣೆಯ ಮಟ್ಟ ಸುಳ್ಳು ಹೇಳುತ್ತದೆ. ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ.

2. ಎತ್ತರದ ಜೀಪನ್ನು ಎತ್ತುವ ಅಗತ್ಯವೇ ಬೀಳುವುದಿಲ್ಲ. ಎತ್ತಲೇಬೇಕಾದರೆ ಬರೀ ಜ್ಯಾಕಿನ ಮೇಲೆ ನಂಬಿಕೆ ಇಡಬಾರದು, ಗಟ್ಟಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂಡಿಸಬೇಕು. ಇಟ್ಟಿಗೆ ಇಡಬಾರದು, ಇಟ್ಟಿಗೆ ಒಮ್ಮೆಲೆ ಒಡೆಯುತ್ತದೆ. ಇನ್ನೊಂದು ಮಾತು: ಕೆಲವು ಹಳೆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಗಾಲಿಯನ್ನು ಹಿಡಿಯುವುದಿಲ್ಲ, ಶಾಫ್ಟನ್ನು ಹಿಡಿಯುತ್ತದೆ. ಒಂದು ಹಿಂದಿನ ಗಾಲಿ ಎತ್ತಿದರೆ ಡಿಫರೆನ್ಶಿಯಲ್ ಆ ಗಾಲಿಯನ್ನು ಉಲ್ಟಾ ತಿರುಗಲು ಬಿಡುತ್ತದೆ, ನೆಲದ ಮೇಲಿನ ಗಾಲಿ ಉರುಳುತ್ತದೆ. ಬ್ರೇಕು ಎಳೆದಿದ್ದರೂ ಜೀಪು ಜಾರುತ್ತದೆ! ಗಾಲಿ ಮೇಲಿದ್ದಾಗ ಎಂಜಿನ್ ಚಾಲೂ ಮಾಡಲೂಬಾರದು. ಉಳಿದ ಗಾಲಿಗಳು ಗಾಡಿಯನ್ನು ಜ್ಯಾಕಿನಿಂದ ಕೆಳಗೆ ಎಳೆದು ಬೀಳಿಸಬಹುದು.

3. ಸ್ವಲ್ಪ ದೂರ ಓಡಿಸಿ ತಂದ ಗಾಡಿಯಿಂದ ಎಣ್ಣೆ ಬೇಗ ಇಳಿಯುತ್ತದೆ. 40 ಡಿಗ್ರಿಯಿಂದ 100 ಡಿಗ್ರಿಗೆ ಹೋಗುವಾಗ 90 ನಂಬರಿನ ಎಣ್ಣೆಯ ಸ್ನಿಗ್ಧತೆ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಕೈ ಸುಡುವಷ್ಟು ಬಿಸಿ ಇರಬಾರದು. ಬೆಚ್ಚಗಿದ್ದರೆ ಸಾಕು.

4. ಬೂಚಿನ ಸುತ್ತಲಿನ ಮಣ್ಣು ಒರೆಸಿ. ತುಂಬುವ ಬೂಚು ಮೊದಲು. ಅದು ಬಿಚ್ಚಿತೇ? ಹಾಗಾದರೆ ತಳದ ಬೂಚು.

5. ಎಣ್ಣೆ ಪೂರ್ತಿ ಇಳಿಯಲಿ. ಅವಸರ ಬೇಡ. ತಳದ ಬೂಚಿಗೆ ಅಯಸ್ಕಾಂತ ಇದ್ದರೆ ಅದನ್ನು ನೋಡಿ, ಆಮೇಲೆ ಒರೆಸಿ.

6. ತಳದ ಬೂಚಿಗೆ ಹೊಸ ವಾಶರ್ ಹಾಕಿ ಬಿಗಿಯಿರಿ. ಎಷ್ಟು ಬಿಗಿ? 0.3 ಮೀಟರ್ ಉದ್ದದ ಪಾನಾದ ತುದಿಗೆ 150 ನ್ಯೂಟನ್ ಬಲ ಹಾಕಿದರೆ ತಿರುಗುಬಲ 45 ನ್ಯೂಟನ್-ಮೀಟರ್. ಅದೇ ಪಾನಾಕ್ಕೆ ಪೈಪು ಸಿಕ್ಕಿಸಿ 0.9 ಮೀಟರ್ ಮಾಡಿದರೆ 135 ಆಗುತ್ತದೆ. ಕೈಗೆ ಅನಿಸುವ ಬಲ ಅಷ್ಟೇ, ಬೂಚಿಗೆ ಬೀಳುವುದು ಮೂರು ಪಟ್ಟು. ನನ್ನ ಹಾಗೆ ಪೇಚಿಗೆ ಬೀಳುವವರನ್ನು ತಯಾರು ಮಾಡುವುದು ಹೀಗೆ ಪೈಪು ಹಾಕಿ ಬಿಗಿದವರೇ.

7. ತುಂಬುವ ತೂತು ಮಗ್ಗುಲಲ್ಲಿರುವುದರಿಂದ ಆಲಿಕೆ ನೇರ ನಿಲ್ಲುವುದಿಲ್ಲ. ಆಲಿಕೆಗೆ ಉದ್ದ ಪೈಪು ಹಚ್ಚಿ ಮೇಲಿನಿಂದ ಬಿಡಬೇಕು, ಇಲ್ಲವೇ ಕೈಪಂಪು ಬಳಸಬೇಕು. ಸಾಮಾನ್ಯವಾಗಿ ಎಣ್ಣೆ ತೂತಿನ ಕೆಳ ಅಂಚಿಗೆ ಬಂದು ಹೊರಗೆ ತೊಟ್ಟಿಕ್ಕಿದರೆ ಮಟ್ಟ ಸರಿ. ತೂತೇ ಅಳತೆಗೋಲು.

8. ಮಟ್ಟ ಹೆಚ್ಚಾದರೆ ನೊರೆ ಬಂದು ಸೀಲಿನಿಂದ ಎಣ್ಣೆ ಸೋರುತ್ತದೆ, ಬ್ರೇಕಿಗೂ ಹತ್ತಬಹುದು. ಕಡಿಮೆಯಾದರೆ ಮೇಲಿನ ಬೇರಿಂಗಿಗೆ ಎಣ್ಣೆ ಮುಟ್ಟುವುದಿಲ್ಲ. ಒಳಗೆ ಪಂಪಿಲ್ಲ. ಕೆಳಗೆ ಮುಳುಗಿದ ದೊಡ್ಡ ಹಲ್ಲುಗಾಲಿ ತಿರುಗುತ್ತ ಎಣ್ಣೆಯನ್ನು ಮೇಲೆ ಎರಚುತ್ತದೆ. ಮಳೆಯಲ್ಲಿ ಸೈಕಲ್ಲಿನ ಹಿಂದಿನ ಗಾಲಿ ನಿಮ್ಮ ಅಂಗಿಯ ಬೆನ್ನಿಗೆ ಕೆಸರು ಎರಚುತ್ತದಲ್ಲ, ಹಾಗೇ.

ಇದನ್ನೇ ನಾಲ್ಕೂ ಕಡೆ ಮಾಡಿ. ಮುಗಿದ ಮೇಲೆ ತಾರೀಖು, ಕಿಲೋಮೀಟರ್, ಎಣ್ಣೆಯ ಗುರುತು, ಹಿಡಿದ ಅಳತೆ, ಹಳೆ ಎಣ್ಣೆಯ ಬಣ್ಣ ಒಂದು ವಹಿಯಲ್ಲಿ ಬರೆದಿಡಿ. ಅದು ವೈದ್ಯರ ಚೀಟಿಯಷ್ಟೇ ಉಪಯೋಗಕ್ಕೆ ಬರುತ್ತದೆ.

ಹಳೆ ಎಣ್ಣೆ ಹೇಳುವ ಮಾತು

ಇಳಿದ ಎಣ್ಣೆಯನ್ನು ಬಿಸಿಲಿನಲ್ಲಿ ನೋಡಿ. ಕಂದು ಬಣ್ಣವಿದ್ದು ತಿಳಿಯಾಗಿದ್ದರೆ ಗಾಡಿ ಆರೋಗ್ಯವಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಹಳ ಬಿಸಿಯಾಗಿದೆ. ಚಹಾದ ಬಣ್ಣವಿದ್ದರೆ ನೀರು ಹೋಗಿದೆ. ಹಾಗಿದ್ದರೆ ಎಣ್ಣೆ ಬದಲಿಸಿದರೆ ಸಾಲದು, ಬ್ರೀದರು ಮತ್ತು ಸೀಲು ನೋಡಬೇಕು. ಅಯಸ್ಕಾಂತದ ಮೇಲೆ ಕಾಡಿಗೆಯಂಥ ನುಣ್ಣನೆಯ ಬೂದು ಪೇಸ್ಟ್ ಇರುವುದು ಸಹಜ. ಕೈಗೆ ಚುಚ್ಚುವ ಚೂರು, ಚಕ್ಕೆ ಸಿಕ್ಕರೆ ಹಲ್ಲು ಮುರಿದಿದೆ ಎಂದು ತಿಳಿಯಿರಿ. ಇನ್ನು ಮಿಸ್ತ್ರಿಯೇ ಬೇಕು.

ನನ್ನ ಎರಡನೇ ತಪ್ಪು

ಬೂಚಿನ ತಪ್ಪು ಎರಡು ದಿನದಲ್ಲಿ ಸರಿಹೋಯಿತು. ಇನ್ನೊಂದು ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬುಟ್ಟಿಯಲ್ಲಿದ್ದ ಹಳೆ ಎಣ್ಣೆಯನ್ನು ನಾನು ಹಿತ್ತಲಿನ ಬೇಲಿ ಬುಡಕ್ಕೆ ಸುರಿದಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಎಂಟು ದಿನದ ಮೇಲೆ ಹಿಂಗಾರು ಮಳೆ ಬಂತು. ಮುಂಜಾನೆ ಕಾಕಾ ಎತ್ತುಗಳನ್ನು ನೀರಿಗೆ ಬಿಟ್ಟರು. ತಗ್ಗಿನಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿತ್ತು. ಎತ್ತು ಮೂಸಿತು, ಮುಖ ತಿರುವಿತು, ಕುಡಿಯಲಿಲ್ಲ.

“ಅದಕ್ಕ ತಿಳೀತು, ನಿನಗ ತಿಳೀಲಿಲ್ಲ” ಅಂದರು ಕಾಕಾ. ಅಷ್ಟೇ ಅಂದರು.

ಆ ಬಣ್ಣ ಕಾಣಲು ಎಣ್ಣೆಯ ಪದರ ಬೆಳಕಿನ ತರಂಗಾಂತರದಷ್ಟು ತೆಳುವಾಗಿರಬೇಕು. 0.0005 ಮಿಲಿಮೀಟರ್ ಎಂದು ಹಿಡಿಯಿರಿ. ಒಂದು ಲೀಟರ್ ಅಂದರೆ 0.001 ಘನ ಮೀಟರ್. ಭಾಗಿಸಿದರೆ 2000 ಚದರ ಮೀಟರ್ ಬರುತ್ತದೆ, ಸುಮಾರು 20 ಗುಂಟೆ. ಒಂದು ಲೀಟರ್ ಎಣ್ಣೆ ಅರ್ಧ ಎಕರೆ ನೀರಿನ ಮೇಲೆ ಹರಡಬಲ್ಲದು. ಅದರ ಕೆಳಗಿನ ನೀರಿಗೆ ಗಾಳಿಯ ಆಮ್ಲಜನಕ ಸರಿಯಾಗಿ ಸಿಗುವುದಿಲ್ಲ.

ನೆಲದೊಳಗೂ ನೋಡಿ. ನಮ್ಮ ಎರೆ ಮಣ್ಣಿನ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಕರಿಕಲ್ಲು. ಬಾವಿ, ಬೋರಿನ ನೀರು ಬರುವುದು ಅದರ ಬಿರುಕುಗಳಿಂದ. ನೀರು ಇಳಿಯುವ ಬಿರುಕಿನಲ್ಲಿ ಎಣ್ಣೆಯೂ ಇಳಿಯುತ್ತದೆ.

ಲಾತೂರಿನ ಮಂದಿಗೆ ನೀರಿನ ಬೆಲೆ ಹೇಳಬೇಕಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರು ಮಿರಜದಿಂದ ರೈಲಿನಲ್ಲಿ ಬಂತು. ಮೊದಲ ರೈಲು ತಂದದ್ದು ಸುಮಾರು 5 ಲಕ್ಷ ಲೀಟರ್. ಗಾಡಿಯಿಂದ ಒಂದು ಸಲ ಇಳಿಸಿದ ಎಂಜಿನ್ ಎಣ್ಣೆ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಹಾಗೆ ಇಳಿಯುವ ಎಣ್ಣೆಯನ್ನು ಒಂದು ಗ್ಯಾಲನ್ ಎಂದು ಹಿಡಿದರೆ ಒಂದಕ್ಕೆ ಹತ್ತು ಲಕ್ಷ. ಅದೇ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಆ ಇಡೀ ರೈಲಿನ ನೀರು ಕೆಡಲು ಅರ್ಧ ಲೀಟರ್ ಸಾಕು. ನಾನು ಬೇಲಿ ಬುಡಕ್ಕೆ ಸುರಿದದ್ದು ಅದಕ್ಕಿಂತ ಹೆಚ್ಚು.

ಆದ್ದರಿಂದ ಹಳೆ ಎಣ್ಣೆಯನ್ನು ಗಟಾರಕ್ಕೆ, ಬೇಲಿಗೆ, ಹಳ್ಳಕ್ಕೆ ಸುರಿಯಬೇಡಿ. ಒಲೆಗೆ ಹಾಕಬೇಡಿ. ದನದ ಗಾಯಕ್ಕೆ, ಗೊರಸಿಗೆ ಹಚ್ಚಬೇಡಿ. ನೀರು, ಡೀಸೆಲ್ ಬೆರೆಸದೆ, ಹೊಸ ಎಣ್ಣೆ ಬಂದ ಅದೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ‘ಹಳೆ ಎಣ್ಣೆ’ ಎಂದು ಬರೆದಿಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ಎಂದೂ ಇಡಬೇಡಿ. ಊರಿನ ಟ್ರ್ಯಾಕ್ಟರು, ಮೋಟರ್‌ಸೈಕಲ್ಲುಗಳ ಎಣ್ಣೆಯನ್ನೂ ಕೂಡಿಸಿ ಇಟ್ಟು, ಹಳೆ ಎಣ್ಣೆ ಸಂಗ್ರಹಿಸಿ ಕೊಡುವ ಗ್ಯಾರೇಜಿಗೆ ಮುಟ್ಟಿಸಿ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನು ಶುದ್ಧಮಾಡಿ ಮತ್ತೆ ಎಣ್ಣೆ ಮಾಡುವ ಕಾರ್ಖಾನೆಗಳಿವೆ. ಎಣ್ಣೆ ಸವೆಯುವುದಿಲ್ಲ, ಹೊಲಸಾಗುತ್ತದೆ. ಹೊಲಸು ತೆಗೆದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಕಾಕಾನ ಜೀಪು ಈಗಿಲ್ಲ. ಅದರ ಎಣ್ಣೆ ವಹಿ ನನ್ನ ಹತ್ತಿರ ಇದೆ. ಮೊದಲ ಪುಟದಲ್ಲಿ ಎರಡೇ ಸಾಲು ಬರೆದಿದ್ದೇನೆ: ತುಂಬುವ ಬೂಚು ಮೊದಲು. ಹಳೆ ಎಣ್ಣೆ ಡಬ್ಬಿಗೆ.

ಮಾಡಿ ನೋಡಿ

ಸಣ್ಣ ತೂತಿನ ಆಲಿಕೆ ತೆಗೆದುಕೊಳ್ಳಿ. ಅರ್ಧ ಲೋಟ ನೀರು, ಅರ್ಧ ಲೋಟ ಶೇಂಗಾ ಎಣ್ಣೆ, ಅರ್ಧ ಲೋಟ ಔಡಲ ಎಣ್ಣೆ ಒಂದೊಂದಾಗಿ ಬಿಟ್ಟು ಪೂರ್ತಿ ಇಳಿಯಲು ಎಷ್ಟು ಸೆಕೆಂಡು ಬೇಕು ಎಂದು ಬರೆಯಿರಿ. ಆಮೇಲೆ ಔಡಲ ಎಣ್ಣೆಯ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಬಿಡಿ. ಸಮಯ ಎಷ್ಟು ಕಡಿಮೆಯಾಯಿತು? ಹಿಂದಿನವರು ಕೀಲಿಗೆ ಔಡಲ ಎಣ್ಣೆಯನ್ನೇ ಯಾಕೆ ಆರಿಸಿದ್ದರು ಎಂದು ನಿಮಗೇ ತಿಳಿಯುತ್ತದೆ.

ಯೋಚಿಸಿ

1. ಆಕ್ಸಲ್ಲಿನೊಳಗಿನ ಗಾಳಿ 85 ಡಿಗ್ರಿಯಿಂದ 25 ಡಿಗ್ರಿಗೆ ತಣಿದರೆ ಒತ್ತಡ ನೂರಕ್ಕೆ ಎಷ್ಟು ಇಳಿಯುತ್ತದೆ?

2. ಎತ್ತಿನ ಬಂಡಿಗೆ ಡಿಫರೆನ್ಶಿಯಲ್ ಯಾಕೆ ಬೇಡ?

3. ನಿಮ್ಮ ಊರಿನಲ್ಲಿ ಒಂದು ವರ್ಷಕ್ಕೆ ಎಷ್ಟು ಲೀಟರ್ ಹಳೆ ಎಣ್ಣೆ ಇಳಿಯುತ್ತದೆ? ಅದು ಎಲ್ಲಿಗೆ ಹೋಗುತ್ತದೆ? ಮನೆ ಮನೆಗೆ ಹೋಗಿ ಕೇಳಿ, ಪಟ್ಟಿ ಮಾಡಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.